ಜ್ಯೂಸ್ ಫ್ಯಾಕ್ಟರಿ ಮಿಷನ್ನಿಗೆ ಹೆಸರು ಕೊರೆಸಿದ್ದು

ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಇಲ್ಲ. ದೊಡ್ಡ ತಪ್ಪಲೆಯ ಮೇಲೆ ನಮ್ಮಪ್ಪನ ಹೆಸರಿದೆ, ಅದು ನನ್ನ ಮದುವೆಗೆ ಕೊಟ್ಟದ್ದು. ಕೊಡದ ಮೇಲೆ ನಾದಿನಿಯ ಹೆಸರು. ಸೌಟು, ಜಾಲರಿಗಳ ಮೇಲೆ ನನ್ನ ಯಜಮಾನರ ಹೆಸರು. ಚಮಚದ ಮೇಲೆ ಹೆಸರು ಹಿಡಿಸುವುದಿಲ್ಲವಾದ್ದರಿಂದ ಮೊದಲ ಅಕ್ಷರ ಮಾತ್ರ. ಹೋಳೂರಿನಲ್ಲಿ ಒಂದು ಮನೆಯ ಮದುವೆ ಎಂದರೆ ಹತ್ತು ಮನೆಯ ಪಾತ್ರೆಗಳು ಹೊರಡುತ್ತವೆ. ಮದುವೆ ಮುಗಿದ ಮಾರನೇ ದಿನ ತೊಳೆದ ಪಾತ್ರೆಗಳನ್ನು ಅಂಗಳದಲ್ಲಿ ರಾಶಿ ಹಾಕಿ, ಒಂದೊಂದನ್ನೇ ತಿರುಗಿಸಿ ಹೆಸರು ಓದಿ, ಅವರವರದನ್ನು ಅವರವರಿಗೆ ಕೊಡುತ್ತೇವೆ. ನಮ್ಮತ್ತೆಗೆ ಓದಲು ಬರುತ್ತಿರಲಿಲ್ಲ. ಅವರು ಬೆರಳು ಸವರಿಯೇ "ಇದು ನಮ್ದು" ಎಂದು ಎತ್ತಿಕೊಳ್ಳುತ್ತಿದ್ದರು. ಹೆಸರು ಯಾರದ್ದೋ ಪಾತ್ರೆ ಅವರದ್ದು. ಇದಕ್ಕಿಂತ ದೊಡ್ಡ ಕಾನೂನನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದೇ ಒಂದು ಲೋಟ ಮಾತ್ರ ಈ ಕಾನೂನು ಮೀರಿ ನಮ್ಮ ಮನೆಯಲ್ಲಿ ಕೂತಿತ್ತು. ಟೇಕಲ್ಲಿನ ನೆಂಟರ ಮನೆಯ ಮದುವೆಗೆ ಪಾತ್ರೆ ಕೊಟ್ಟಿದ್ದೆವು. ವಾಪಸ್ ಬಂದ ಚೀಲದಲ್ಲಿ ಅವರ ಮನೆಯ ಲೋಟವೊಂದು ಸೇರಿಕೊಂಡಿತ್ತು, ನಮ್ಮ ದೊಡ್ಡ ಸೌಟು ಇರಲಿಲ್ಲ. ಸೌಟನ್ನು ನನ್ನ ವಾರಗಿತ್ತಿಯೇ ಎಲ್ಲೋ ಬಿಟ್ಟು ಬಂದಳೆಂದು ನಾನು, ಬಿಡಲಿಲ್ಲವೆಂದು ಅವಳು. ಆರು ವರ್ಷಗಳಿಂದ ಈ ಜಗಳ ನಡೆದಿತ್ತು. ಅಷ್ಟು ವರ್ಷವೂ ನಾನು ಆ ಲೋಟದಲ್ಲೇ ಕಾಫಿ ಕುಡಿದೆ. ಅಂಚು ಚೆನ್ನಾಗಿತ್ತು.

ಇರಲಿ, ಮಿಷನ್ನಿನ ವಿಷಯಕ್ಕೆ ಬರುತ್ತೇನೆ.

ಶ್ರೀನಿವಾಸಪುರದ ದಾರಿಯಲ್ಲಿ ಒಂದು ಸಣ್ಣ ಫ್ಯಾಕ್ಟರಿ ಇತ್ತು. ಎಲ್ಲರೂ ಜ್ಯೂಸ್ ಫ್ಯಾಕ್ಟರಿ ಅನ್ನುತ್ತಿದ್ದರು, ಆದರೆ ಅಲ್ಲಿ ಯಾರೂ ಜ್ಯೂಸ್ ಕುಡಿದದ್ದನ್ನು ನಾನು ನೋಡಲಿಲ್ಲ. ಮಾವಿನ ಹಣ್ಣಿನ ತಿರುಳು ತೆಗೆದು, ಕಾಯಿಸಿ, ಡಬ್ಬಕ್ಕೆ ತುಂಬಿ ಬೇರೆ ದೊಡ್ಡ ಕಂಪನಿಗೆ ಕಳಿಸುತ್ತಿದ್ದರು. ಹಣ್ಣು ತೊಳೆಯುವುದು, ಕೊಳೆತದ್ದನ್ನು ಆರಿಸುವುದು, ತೊಟ್ಟಿನ ಕಡೆ ಕತ್ತರಿಸಿ ಮಿಷನ್ನಿನ ಬಾಯಿಗೆ ಹಾಕುವುದು ಹೆಂಗಸರ ಕೆಲಸ. ಎರಡು ತಿಂಗಳು ಮಾವಿನ ಸೊನೆಯಲ್ಲಿ ಕೈ ಅದ್ದಿದರೆ ಉಗುರಿನ ಸುತ್ತ ಕಪ್ಪು ಹಿಡಿದು ಶ್ರಾವಣದವರೆಗೂ ಹೋಗುವುದಿಲ್ಲ.

ಹೋಳೂರಿನಿಂದ ನಾವು ಇಪ್ಪತ್ತಮೂರು ಹೆಂಗಸರು ಟೆಂಪೋದಲ್ಲಿ ಹೋಗಿ ಬರುತ್ತಿದ್ದೆವು. ನಾನು ಮೇಸ್ತ್ರಿ. ಎಲ್ಲರ ಮನೆಯಲ್ಲೂ ಮೂಗು ತೂರಿಸುವವಳಿಗೆ ಕೊಡುವ ಮರ್ಯಾದೆಯ ಹೆಸರು ಅದು. ಸೀಸನ್ ಶುರುವಾಗುವ ಮುಂಚೆ ಬಾಗಿಲು ಬಾಗಿಲು ತಟ್ಟಿ, "ಬಾರೇ, ವಾರವಾರ ಕೂಲಿ ಕೊಡ್ತಾರೆ, ನಾನು ಹೇಳ್ತಿದ್ದೀನಲ್ಲ" ಎಂದು ಕರೆದದ್ದು ನಾನೇ. ಮೂರು ಸೀಸನ್ ಹಾಗೇ ಕೊಟ್ಟಿದ್ದರು ಕೂಡ.

ವಾರಗಿತ್ತಿಯನ್ನು ಕರೆದದ್ದೂ ನಾನೇ. ನನ್ನ ಮೈದುನನ ಹೆಂಡತಿ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನು ಬರುತ್ತದೆ. ಅವಳ ಮೇಲಿನ ಸಾಲಿನ ಹಲ್ಲು ಅಲ್ಲಾಡಲು ಶುರುವಾಗಿ ಎರಡು ವರ್ಷ ಆಗಿತ್ತು.

"ಕೀಳಿಸಿ ಸೆಟ್ ಹಾಕಿಸ್ಕೊಳೇ" ಅಂದೆ.

"ದುಡ್ಡು ನಿಮ್ಮಪ್ಪ ಕೊಡ್ತಾನಾ?"

"ಫ್ಯಾಕ್ಟ್ರಿಗೆ ಬಾ. ಸೀಸನ್ ಮುಗಿಯೋ ಹೊತ್ಗೆ ಹಲ್ಲು ಬಂದಿರ್ತದೆ."

ಅವಳು ನನ್ನ ಮಾತನ್ನು ನಂಬಿದ್ದು ಮದುವೆಯಾದ ಮೇಲೆ ಅದೇ ಮೊದಲು. ಸೀಸನ್ ನಡುವೆಯೇ ಕೋಲಾರದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಮೇಲಿನ ಸಾಲು ಪೂರ್ತಿ ಕೀಳಿಸಿಕೊಂಡು ಬಂದಳು. ವಸಡು ವಾಸಿಯಾದ ಮೇಲೆ ಅಳತೆ ತಗೊಂಡು ಸೆಟ್ ಮಾಡಿಕೊಡುತ್ತೇವೆ, ಉಳಿದ ದುಡ್ಡು ತಂದು ಹಲ್ಲು ತಗೊಂಡು ಹೋಗಿ ಅಂದಿದ್ದರಂತೆ.

ಆ ವರ್ಷವೇ ಓನರಿಗೆ ಕೈ ಕಟ್ಟಿತು. ಕೊನೆಯ ಐದು ವಾರ ಕೂಲಿ ಇಲ್ಲ. ಮೊದಲ ವಾರ "ಮುಂದಿನ ವಾರ" ಅಂದರು, ಮುಂದಿನ ವಾರ "ಸೀಸನ್ ಮುಗೀಲಿ" ಅಂದರು. ಸೀಸನ್ ಮುಗಿದ ಮೇಲೆ ಹೋದರೆ ಗೇಟಿಗೆ ಬೀಗ. ಒಳಗೆ ವಾಚ್‌ಮನ್ ಒಬ್ಬನೇ ಕಡಲೇಕಾಯಿ ಸುಲಿಯುತ್ತಾ ಕೂತಿದ್ದ. ಅವನಿಗೂ ನಾಲ್ಕು ತಿಂಗಳ ಸಂಬಳ ಬಂದಿರಲಿಲ್ಲ.

ಊರಿನಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ನನಗೆ ಅದೇ ಕಷ್ಟವಾಯಿತು. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. "ಮೊದಲು ನೀವು ಹಿಡ್ಕೊಳಿ ದೊಡ್ಡಮ್ಮಾ" ಎಂದು ಜಾಗ ಬಿಡುತ್ತಿದ್ದರು. ಯಾವತ್ತೂ ಕೊಡ ತಳ್ಳಾಡಿಕೊಂಡು ನೀರು ಹಿಡಿದವಳು ನಾನು. ಬಾಯಿಬಿಟ್ಟು ಹೇಳಿದವಳು ವಾರಗಿತ್ತಿ ಒಬ್ಬಳೇ. ಹಲ್ಲಿಲ್ಲದ ಬಾಯಿಂದ ಅರ್ಧ ಮಾತು, ಅರ್ಧ ಗಾಳಿ.

"ಅಕ್ಕಾ, ಮುದ್ದೆಗೆ ಹಲ್ಲು ಬೇಡ, ನಿಜ. ಮೂರು ಹೊತ್ತೂ ಮುದ್ದೆ ನುಂಗ್ಕೊಂಡೇ ಸಾಯ್ಲಾ? ನಿನ್ನೆ ಮನೇಲಿ ಕೋಳಿ ಸಾರು. ಎಲ್ಲಾ ಮೂಳೆ ಕಡೀತಿದ್ರೆ ನಾನು ಚೀಪ್ಕೊಂಡು ಕೂತಿದ್ದೆ, ಕೂಸಿನ ಥರ."

"ಬರ್ತದೆ ಕಣೇ ಹಲ್ಲು."

"ನೀನು ಹೇಳಿದ್ರೆ ಬರ್ತದಾ? ನೀನು ಹೇಳ್ದೆ ಅಂತ ಹೋಯ್ತಲ್ಲ, ಅದು ಸಾಕು."

ನಮ್ಮ ಸೊಸೆ ಕೋಲಾರದಲ್ಲಿ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಕೊಡಬಹುದು, ಎಲ್ಲರೂ ಸೇರಿ ಒಂದೇ ಅರ್ಜಿ ಕೊಟ್ಟರೂ ಆಗುತ್ತದೆ ಎಂದು ತಿಳಿದುಕೊಂಡು ಬಂದವಳು ಅವಳೇ. ಯಾರು ಯಾರು, ಎಷ್ಟೆಷ್ಟು ದಿನ ಎಂದು ಪಟ್ಟಿ ಬೇಕಿತ್ತು.

"ನೀನೇ ಹೊಡ್ದುಕೊಡಮ್ಮ ಫೋನಲ್ಲಿ" ಅಂದೆ.

"ನಂಗೆ ಪುರುಸೊತ್ತಿಲ್ಲ ಅತ್ತೆ. ದಿನಾ ಎರಡು ಗಂಟೆ ಫೋನಲ್ಲಿ ಅಡುಗೆ ನೋಡ್ತೀರ, ಮಾಡೋದು ಮಾತ್ರ ಅದೇ ಹುಳಿಸಾರು. ಆ ಟೈಮಲ್ಲಿ ಹೊಡೀರಿ" ಎಂದು ಅಕ್ಷರಗಳ ಜಾಗ ತೋರಿಸಿ ಹೋದಳು.

ಇಪ್ಪತ್ತಮೂರು ಹೆಸರು ಹೊಡೆಯಲು ನಾಲ್ಕು ದಿನ ಹಿಡಿಯಿತು. ಕೊನೆಯಲ್ಲಿ ವಾಚ್‌ಮನ್ನನನ್ನೂ ಸೇರಿಸಿದೆ. ಈಗ ಇದನ್ನು ಹೊಡೆಯುತ್ತಿರುವುದೂ ಅದೇ ಬೆರಳಿನಲ್ಲಿ.

ಪಟ್ಟಿ ಹಿಡಿದು ನಾನು, ವಾರಗಿತ್ತಿ ಕೋಲಾರಕ್ಕೆ ಹೋದೆವು. ಆಫೀಸರ್ ಒಬ್ಬ ಹೆಣ್ಣುಮಗಳು. ನಮ್ಮ ಸೊಸೆಯ ವಯಸ್ಸಿರಬಹುದು. ಕೂರಿಸಿ, ಪಟ್ಟಿ ನೋಡಿ, ನಮ್ಮ ಕೈ ಕಡೆ ನೋಡಿದಳು. ಕೆಲಸ ಮಾಡಿದ್ದಕ್ಕೆ ಗುರುತೇನಾದರೂ ಇದೆಯಾ ಎಂದು ಕೇಳುವ ಮುಂಚೆಯೇ ನನ್ನ ವಾರಗಿತ್ತಿ ಹತ್ತೂ ಉಗುರುಗಳನ್ನು ಮೇಜಿನ ಮೇಲೆ ಹರಡಿದಳು. ಆಫೀಸರ್ ನಕ್ಕು, "ಹಾಜರಿ ಚೀಟಿ ಇದ್ರೆ ಅದೂ ಕೊಡಿ" ಅಂದಳು. ಅದೂ ಇತ್ತು, ಎಲೆ ಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಕೆಳಗೆ.

"ಮೇಡಂ, ಶೆಡ್ಡು ಬಾಡಿಗೇದು" ಎಂದೆ. "ಒಳಗಿರೋ ಮಿಷನ್ನು, ಪಾತ್ರೆಗಳು ಮಾತ್ರ ಓನರ್ದು. ಅದನ್ನ ಆಂಧ್ರದೋರು ಯಾರೋ ಕೊಂಡ್ಕೊಳ್ಳೋಕೆ ಬರ್ತಾರಂತೆ, ವಾಚ್‌ಮನ್ ಹೇಳಿದ. ಅದು ಲಾರಿ ಹತ್ತಿದ್ರೆ ನಮ್ಮ ಕೂಲಿ ಕೇಳೋಕೆ ಗೋಡೇನೇ ಗತಿ."

"ಹೆದರ್ಬೇಡಿ. ನಿಮ್ಮ ಕೂಲಿ ಬಾಕಿಗೆ ಆ ಸಾಮಾನಿನ ಮೇಲೆ ನಿಮಗೂ ಹಕ್ಕು ಬರುತ್ತೆ" ಎಂದಳು.

ಆಮೇಲೆ ಅವಳು ಇನ್ನೂ ಬಹಳ ಹೇಳಿದಳು. ಮೊದಲು ಓನರಿಗೆ ನೋಟಿಸ್ ಹೋಗಬೇಕು. ಅವರು ಸಾಮಾನು ಸಾಗಿಸಿ ತಪ್ಪಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಆಧಾರ ಬೇಕು, ಯಾರೋ ಹೇಳಿದರು ಅಂದರೆ ಸಾಲದು. ಆಧಾರ ಸಿಕ್ಕಿದರೆ ಜಪ್ತಿ ಆದೇಶ ಮಾಡಬಹುದು. ಆಗ ಕೂಲಿ ತೀರುವವರೆಗೂ ಮಿಷನ್ ಅಲ್ಲಾಡುವ ಹಾಗಿಲ್ಲ. ಇದೆಲ್ಲ ನನಗೆ ಆಮೇಲೆ ಸೊಸೆ ಬಿಡಿಸಿ ಹೇಳಿದ್ದು. ಅವತ್ತು ನನ್ನ ಕಿವಿ "ಹಕ್ಕು ಬರುತ್ತೆ" ಅನ್ನುವ ಕಡೆಯೇ ನಿಂತುಬಿಟ್ಟಿತ್ತು.

ಮೆಟ್ಟಿಲು ಇಳಿಯುತ್ತಲೇ ವಾರಗಿತ್ತಿಗೆ ಹೇಳಿದೆ. "ಹಕ್ಕಿದೆ ಅಂದ್ಮೇಲೆ ಹೆಸರು ಹಾಕಿಸ್ಬೇಕಲ್ವೇನೇ? ಹೆಸರಿಲ್ದೆ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ."

ಅವಳು ನಿಂತು ಯೋಚಿಸಿದಳು. ನನ್ನ ಮಾತಿಗೆ ಎದುರು ಹೇಳಲು ಯಾವತ್ತೂ ಅರ್ಧ ನಿಮಿಷ ಬೇಕಿಲ್ಲದವಳು. "ಅದು ಸರಿ" ಎಂದಳು.

ಇಬ್ಬರು ಮುದುಕಿಯರಿಗೆ ಒಟ್ಟಿಗೆ ಸರಿ ಅನ್ನಿಸಿದರೆ ತಡೆಯುವವರು ಯಾರು? ಸೀದಾ ಪಾತ್ರೆ ಅಂಗಡಿಗಳ ಬೀದಿಗೆ ಹೋದೆವು. ಒಂದು ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು, ಕರೆಂಟಿನ ಪೆನ್ನಿನಲ್ಲಿ ಪಾತ್ರೆಗೆ ಹೆಸರು ಕೊರೆಯುವವನು ಕೂತಿದ್ದ. ನಮ್ಮ ಮನೆಯ ಅರ್ಧ ಪಾತ್ರೆಗಳ ಅಕ್ಷರ ಅವನದ್ದೇ.

"ಎಷ್ಟು ಪಾತ್ರೆ ಅಮ್ಮಾ?"

"ನಾಕು."

"ತಂದಿದ್ದೀರಾ?"

"ತರೋಕೆ ಆಗಲ್ಲಪ್ಪ. ಒಂದು ನಿನ್ನ ಅಂಗಡಿಯಷ್ಟಿದೆ. ನೀನೇ ಬರ್ಬೇಕು."

ಅವನ ಲೆಕ್ಕ ಅಕ್ಷರಕ್ಕೆ ಇಷ್ಟು ಎಂದು. ನಾನು ಯೋಚಿಸಿಕೊಂಡು ಹೋಗಿದ್ದದ್ದು ಉದ್ದದ ಒಕ್ಕಣೆ. ಈ ಮಿಷನ್ನಿನ ಮೇಲೆ ನಮ್ಮ ಐದು ವಾರದ ಕೂಲಿ ಬಾಕಿ ಇದೆ, ಕೊಳ್ಳುವವರು ವಿಚಾರಿಸಿ ಕೊಳ್ಳತಕ್ಕದ್ದು, ಇತ್ಯಾದಿ. ಅವನು ಬೆರಳು ಮಡಿಚಿ ಎಣಿಸಿ ಒಟ್ಟು ಹೇಳಿದಾಗ ವಾರಗಿತ್ತಿ ಸೆರಗನ್ನು ಬಾಯಿಗೆ ಇಟ್ಟುಕೊಂಡಳು.

"ಅಕ್ಕಾ, ಅಷ್ಟಿದ್ರೆ ನಾನು ಹಲ್ಲೇ ತಗೋತಿದ್ದೆ. ಕಮ್ಮಿ ಮಾಡು."

ಬೀದಿಯಲ್ಲೇ ನಿಂತು ಒಂದೊಂದೇ ಮಾತು ಕಿತ್ತುಹಾಕಿದೆವು. ಕೊನೆಗೆ ಉಳಿದದ್ದು "ಹೋಳೂರು ಹೆಂಗಸರ ಕೂಲಿ". ಒಂಬತ್ತು ಅಕ್ಷರ. ನಾಲ್ಕು ಕಡೆಗೆ ಮೂವತ್ತಾರು. ಎಲೆ ಅಡಿಕೆ ಚೀಲದಲ್ಲಿ ಅಷ್ಟಿತ್ತು. ರಸೀದಿ ಕೇಳಿ ಬರೆಸಿಕೊಂಡೆ. ಈ ರಸೀದಿ ಬುದ್ಧಿ ನನಗೆ ಸೊಸೆಯಿಂದ ಬಂದದ್ದು.

ಮಾರನೇ ದಿನ ಬೆಳಿಗ್ಗೆ ಅವನು ಬೈಕಿನಲ್ಲಿ ಬಂದ. ವಾಚ್‌ಮನ್ ಗೇಟು ತೆಗೆದು, ತನ್ನ ರೂಮಿನಿಂದ ವೈರು ಎಳೆದು ಕೊಟ್ಟ. ಹಣ್ಣು ನುಂಗುವ ದೊಡ್ಡ ಮಿಷನ್ನಿನ ಹೊಟ್ಟೆಯ ಮೇಲೆ ಒಂದು, ತಿರುಳು ಕಾಯಿಸುವ ಎರಡು ದೊಡ್ಡ ಪಾತ್ರೆಗಳ ಮೇಲೆ ಒಂದೊಂದು, ಹಣ್ಣು ಹೆಚ್ಚುವ ಸ್ಟೀಲ್ ಮೇಜಿನ ಮೇಲೆ ಒಂದು. ಜುಯ್ ಎಂದು ಸದ್ದು ಮಾಡುತ್ತಾ ಅಕ್ಷರ ಎದ್ದವು. ನಮ್ಮ ಹೆಂಗಸರೆಲ್ಲ ಬಂದಿದ್ದರು. ಯಾರೋ ಅರಿಶಿನ ಕುಂಕುಮವನ್ನೂ ತಂದಿದ್ದರು. ಮಿಷನ್ನಿಗೆ ಇಟ್ಟೆವು.

"ಅಕ್ಕಾ, ನನ್ನ ಹೆಸ್ರೂ ಹಾಕ್ಸು" ಎಂದ ವಾಚ್‌ಮನ್. "ನಂದೂ ನಾಕು ತಿಂಗ್ಳು ಬಾಕಿ."

"ನೀನು ಹೆಂಗ್ಸೇನೋ?"

"ಹೆಂಗ್ಸಲ್ದಿದ್ರೆ ಕೂಲಿ ಬ್ಯಾಡ್ವಾ?"

ಅದೂ ನ್ಯಾಯವೇ. ಆದರೆ ದುಡ್ಡು ಮುಗಿದಿತ್ತು. ಕೊರೆಯುವವನು ಮನಸ್ಸು ಮಾಡಿ, ಕಾಸಿಲ್ಲದೆ, ನಾಲ್ಕು ಕಡೆಯೂ ಅಕ್ಷರದ ಪಕ್ಕ ಒಂದು ಪುಟ್ಟ ಬೀಗದ ಚಿತ್ರ ಬರೆದ. ಅದು ವಾಚ್‌ಮನ್ನನದ್ದು. ಅಭ್ಯಾಸ ಬಲದಿಂದ ಇನ್ನೊಂದು ಪಕ್ಕದಲ್ಲಿ ಹೂವನ್ನೂ ಬಿಡಿಸಿದ, ಮದುವೆ ಪಾತ್ರೆಗೆ ಬಿಡಿಸುವ ಹಾಗೆ.

ಆ ಶುಕ್ರವಾರವೇ ಗಿರಾಕಿ ಬಂದರು. ಗಡಿಯಾಚೆಯವರು, ಬಿಳಿ ಕಾರು, ಬಿಳಿ ಪಂಚೆ. ಜೊತೆಗೆ ಮಿಷನ್ ಬಲ್ಲ ಒಬ್ಬ ಮೆಕ್ಯಾನಿಕ್. ಗೇಟಿನ ಹತ್ತಿರ ಹುಣಸೆ ಮರದ ಕೆಳಗೆ ನಾವು ಏಳೆಂಟು ಜನ ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದೆವು. ವಾಚ್‌ಮನ್ ಅವರನ್ನು ಒಳಗೆ ಕರೆದುಕೊಂಡು ಹೋದ. ಐದು ನಿಮಿಷ ಆಗಲಿಲ್ಲ, ಹೊರಗೆ ಬಂದು ನಮ್ಮ ಕಡೆಗೇ ನಡೆದು ಬಂದರು.

"ಏಮಮ್ಮಾ, ಆ ಪೇರು ಎವರಿದಿ?" ಆ ಹೆಸರು ಯಾರದ್ದು ಎಂದು ತೆಲುಗಿನಲ್ಲಿ ಕೇಳಿದರು.

ವಾರಗಿತ್ತಿಯ ತವರು ಮುಳಬಾಗಿಲಿನ ಆಚೆ. ಅವಳಿಗೆ ಜಗಳಕ್ಕೆ ಕನ್ನಡ, ಮರ್ಯಾದೆಗೆ ತೆಲುಗು. ಎದ್ದು ನಿಂತು, "ಮಾದೇ ಸಾರ್" ಎಂದು, ಐದು ವಾರದ ಕಥೆಯನ್ನು ತೆಲುಗಿನಲ್ಲಿ ಹೇಳಿದಳು. ಕೊನೆಗೆ ಬಾಯಿ ಅಗಲಿಸಿ ಖಾಲಿ ವಸಡನ್ನೂ ತೋರಿಸಿದಳು.

ಅವರು ನಗಲಿಲ್ಲ. ತಲೆ ಕೆರೆದುಕೊಂಡರು. ಆಮೇಲೆ ನಮಗೆಲ್ಲ ತಿಳಿಯಲಿ ಎಂದು ತಮಗೆ ಬಂದ ಕನ್ನಡದಲ್ಲಿ ಹೇಳಿದರು. "ನೋಡಮ್ಮಾ, ಇನ್ನೊಬ್ಬರ ಪೇರಿರೋ ಗಿನ್ನೆ, ಅದೇ ಬಟ್ಟಲು, ಒಂದು ನಾನು ಮನೆಗೆ ತಗೊಂಡು ಹೋದ್ರೂನು ನಮ್ಮಮ್ಮ ಒಳಗೆ ಬಿಡಲ್ಲ. ಅಷ್ಟು ದೊಡ್ಡ ಮಿಷನ್ ಹೆಂಗೆ ತಗೊಂಡು ಹೋಗ್ಲಿ? ಮೊದ್ಲು ನಿಮ್ಮ ಓನರ್ ಜೊತೆ ತೀರಿಸ್ಕೊಳಿ, ಆಮೇಲೆ ಬರ್ತೀನಿ."

ಕಾರು ಹೋಯಿತು. ನಾವು ಕುಣಿಯುವುದೊಂದು ಬಾಕಿ. ಅವರ ಊರಿನಲ್ಲೂ ಅದೇ ಕಾನೂನು ಇದೆ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ಆ ಸಮಾಧಾನ ಸಂಜೆಯವರೆಗೆ ಮಾತ್ರ. ಓನರ್ ಫೋನ್ ಮಾಡಿ ಕೂಗಾಡಿದರು. ಮಿಷನ್ ಹಾಳು ಮಾಡಿದ್ದೀರಿ, ವಿಚಾರಣೆಯ ದಿನ ಬರೆದು ಕೊಡುತ್ತೇನೆ, ಪೊಲೀಸ್ ಕೇಸನ್ನೂ ಹಾಕುತ್ತೇನೆ ಎಂದರು. ಸೊಸೆ ಆಫೀಸಿನಿಂದ ಬಂದು ವಿಷಯ ಕೇಳಿ ಬ್ಯಾಗನ್ನೂ ಕೆಳಗಿಡದೆ ನಿಂತೇ ಇದ್ದಳು.

"ಅತ್ತೆ, ಅವ್ರು ಹಕ್ಕಿದೆ ಅಂದಿದ್ದು ಅರ್ಜಿ ಮೂಲಕ. ಕರೆಂಟ್ ಪೆನ್ ಮೂಲಕ ಅಲ್ಲ."

"ನಂಗೇನು ಗೊತ್ತಮ್ಮ?"

"ಕೇಳ್ಬೇಕಿತ್ತು! ಈಗ ಅದನ್ನೇ ಹಿಡ್ಕೊಂಡು ಅರ್ಜಿ ತಳ್ಳಿಹಾಕಿ ಅಂತಾರೆ. ಇಪ್ಪತ್ತಮೂರು ಜನರ ಕೂಲಿ ಹೋಗುತ್ತೆ."

ಜೈಲಿಗೆ ನಾನು ಹೆದರಲಿಲ್ಲ. ಅಲ್ಲೂ ಮುದ್ದೆ ಕೊಡುತ್ತಾರಂತೆ. ಹೆದರಿದ್ದು ನಲ್ಲಿಯ ಹತ್ತಿರದ ಮೌನಕ್ಕೆ. ಒಂದು ಸಲ ನಂಬಿಸಿ ಕೂಲಿ ಕಳೆದಿದ್ದೆ, ಈಗ ಸಿಗಬೇಕಾದ್ದನ್ನೂ ನಾನೇ ಕೊರೆಸಿ ಕಳೆದರೆ ಇನ್ನು ಯಾರ ಬಾಗಿಲು ತಟ್ಟಲಿ? ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ವಾರಗಿತ್ತಿ ಅಲ್ಲಿಂದಲೇ ಕೂಗಿದಳು. "ಅಕ್ಕಾ, ಕೇಸು ಹಾಕಿದ್ರೆ ನನ್ನ ಹೆಸ್ರೂ ಹೇಳು. ಅಕ್ಷರ ಕಮ್ಮಿ ಮಾಡ್ಸಿದ್ದು ನಾನೇ."

ವಿಚಾರಣೆಯ ದಿನ ಓನರ್ ಬಂದಿದ್ದರು. ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಬಡವಾಗಿದ್ದರು. ಅವರಿಗೂ ಮೇಲಿನ ಕಂಪನಿಯಿಂದ ದುಡ್ಡು ಬಂದಿರಲಿಲ್ಲವಂತೆ. ಆದರೆ ಅವರು ಕುರ್ಚಿಯಲ್ಲಿ ಕೂತ ಮೇಲೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಹೆಂಗಸರು ಒಳನುಗ್ಗಿ ಮಿಷನ್ನಿನ ಮೇಲೆ ಹೆಸರು ಕೊರೆಸಿದ್ದಾರೆ, ಅದರಿಂದ ಗಿರಾಕಿ ವಾಪಸ್ ಹೋದರು, ನನಗೆ ದೊಡ್ಡ ನಷ್ಟವಾಗಿದೆ, ಇವರ ಅರ್ಜಿಯನ್ನು ವಜಾ ಮಾಡಬೇಕು ಎಂದು ಅದರಲ್ಲಿತ್ತು.

ಆಫೀಸರ್ ಓದಿ ನನ್ನ ಕಡೆ ನೋಡಿದಳು. "ಯಾರಜ್ಜಿ ಕೊರೆಸಿದ್ದು?"

"ನಾನೇ ಮೇಡಂ. ಮೂವತ್ತಾರು ಅಕ್ಷರ. ರಸೀದಿ ಇದೆ."

ರಸೀದಿಯನ್ನೂ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿದ್ದ ಗುಮಾಸ್ತರು ಕೆಮ್ಮಿದರು. ಆಫೀಸರ್ ಮುಖ ಬಿಗಿಮಾಡಿಕೊಂಡು ಹೇಳಿದಳು. "ಇನ್ನೊಬ್ಬರ ಮಿಷನ್ ಮೇಲೆ ಕೊರೆಸೋದು ತಪ್ಪಜ್ಜಿ. ಹೆಸರು ಬರೆದ ಮಾತ್ರಕ್ಕೆ ನಿಮ್ಮದಾಗಲ್ಲ."

"ನಮ್ದಾಗ್ಲಿ ಅಂತ ಅಲ್ಲ ತಾಯಿ. ಅದನ್ನ ಮನೆಗೆ ತಗೊಂಡು ಹೋಗಿ ಏನು ಮಾಡ್ಲಿ, ಒಲೆ ಮೇಲೆ ಕೂರಲ್ಲ. ಮದುವೇಲಿ ಪಾತ್ರೆ ಬೆರೆತುಹೋಗ್ದಿರ್ಲಿ ಅಂತ ಹಾಕ್ತೀವಲ್ಲ, ಹಂಗೆ. ನಮ್ಮ ಕೂಲಿ ಅದರೊಳಗೆ ಬೆರೆತಿದೆ."

ಅವಳು ಓನರ ಕಾಗದವನ್ನು ಮತ್ತೊಂದು ಸಲ ಓದಿದಳು. ಈ ಸಲ ನಿಧಾನವಾಗಿ. ಆಮೇಲೆ ಕನ್ನಡಕ ತೆಗೆದಳು.

"ಗಿರಾಕಿ ಬಂದಿದ್ದು ಯಾವತ್ತು?"

"ಶುಕ್ರವಾರ" ಎಂದರು ಓನರ್.

"ನಮ್ಮ ನೋಟಿಸ್ ನಿಮ್ಮ ಕೈ ಸೇರಿದ್ದು?"

ಗುಮಾಸ್ತರೇ ಫೈಲು ನೋಡಿ, "ಬುಧವಾರ ಮೇಡಂ, ಸೈನ್ ಇದೆ" ಎಂದರು.

"ಅಂದ್ರೆ ಕೂಲಿ ಬಾಕಿ ಬಗ್ಗೆ ನೋಟಿಸ್ ತಗೊಂಡು ಎರಡು ದಿನಕ್ಕೆ ಮಿಷನ್ ಮಾರೋಕೆ ಹೋಗಿದ್ರಿ. ನೀವೇ ಬರೆದು ಕೊಟ್ಟಿದ್ದೀರಿ."

ಓನರ ಕೈ ಮೆಲ್ಲಗೆ ಕಾಗದದ ಕಡೆ ಹೋಯಿತು. ಆಫೀಸರ್ ಅದರ ಮೇಲೆ ತನ್ನ ಕನ್ನಡಕ ಇಟ್ಟಳು. ಆಗ ನನಗೆ ಸೊಸೆ ಬಿಡಿಸಿ ಹೇಳಿದ್ದ ಆಧಾರದ ಮಾತು ನೆನಪಾಯಿತು. ನಾವು ಹುಡುಕಿದ್ದರೂ ಅಂಥ ಆಧಾರ ಸಿಗುತ್ತಿರಲಿಲ್ಲ. ಓನರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಸಹಿ ಮಾಡಿ ಕೊಟ್ಟಿದ್ದರು.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. ಜಪ್ತಿ ಆದೇಶ ಬಂತು. ಕಚೇರಿಯವರು ಬಂದು ಮಿಷನ್ನಿಗೆ ಕಾಗದ ಅಂಟಿಸಿದರು. ಅಂಟಿಸಿದ್ದು ಸರಿಯಾಗಿ ನಮ್ಮ ಅಕ್ಷರದ ಕೆಳಗೆ, ಹೂವಿಗೂ ಬೀಗಕ್ಕೂ ನಡುವೆ. ಮೂರು ವಾರದ ಮೇಲೆ ಅದೇ ಬಿಳಿ ಪಂಚೆಯವರು ಮತ್ತೆ ಬಂದರು. ಈ ಸಲ ಆಫೀಸರ ಒಪ್ಪಿಗೆಯಿಂದಲೇ ಮಾರಾಟ ಎಂದಾಯಿತು. ಮೊದಲು ಕೂಲಿ, ಉಳಿದದ್ದು ಓನರಿಗೆ. ಇಪ್ಪತ್ತಮೂರು ಹೆಂಗಸರು ಮತ್ತು ಒಬ್ಬ ವಾಚ್‌ಮನ್ನನ ಖಾತೆಗೆ ಒಂದೇ ದಿನ ದುಡ್ಡು ಬಿತ್ತು. ಎಲ್ಲರ ಫೋನೂ ಒಟ್ಟಿಗೆ ಕುಂಯ್ ಅಂದಾಗ ನಾನು ನಲ್ಲಿಯ ಹತ್ತಿರವೇ ಇದ್ದೆ. ಒಬ್ಬಳು ನನ್ನ ಕೊಡವನ್ನು ಪಕ್ಕಕ್ಕೆ ತಳ್ಳಿ ತನ್ನದನ್ನು ಇಟ್ಟಳು.

"ಏನ್ ಮೇಸ್ತ್ರಿ ಅಂದ್ರೆ ಯಾವಾಗ್ಲೂ ನೀನೇ ಮೊದ್ಲು ಹಿಡೀಬೇಕಾ?"

ನನಗೆ ಅಷ್ಟು ಸಂತೋಷವಾದದ್ದು ಯಾವತ್ತೂ ಇಲ್ಲ.

ಒಂದು ದಂಡ ಮಾತ್ರ ಕಟ್ಟಬೇಕಾಯಿತು. ಕೊರೆದದ್ದನ್ನು ನಮ್ಮ ಖರ್ಚಿನಲ್ಲಿ ಅಳಿಸಿಕೊಡಬೇಕೆಂದು ಆಫೀಸರ್ ಬರೆಸಿಕೊಂಡಿದ್ದಳು. ಉಜ್ಜುವ ಮಿಷನ್ ತಂದವನು ಕೊರೆದವನಿಗಿಂತ ಮೂರು ಪಟ್ಟು ಕೇಳಿದ. ಬರೆಯುವುದಕ್ಕಿಂತ ಅಳಿಸುವುದು ದುಬಾರಿ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಕೊಟ್ಟೆವು. ಮೂರು ಕಡೆ ಚೆನ್ನಾಗಿ ಹೋಯಿತು. ಮೇಜಿನ ಮೇಲಿನದನ್ನು ಉಜ್ಜುವಾಗ ಬಿಳಿ ಪಂಚೆಯವರೇ ಬೇಡ ಅಂದರು. ಆ ಹೂವು ಅವರ ಮನಸ್ಸಿಗೆ ಬಂದಿತ್ತು.

ವಾರಗಿತ್ತಿಗೆ ಹಲ್ಲು ಬಂತು. ಕೋಲಾರದಿಂದ ಬಸ್ಸಿನಲ್ಲಿ ಬರುವಾಗ ಎಲ್ಲರಿಗೂ ಕಾಣಲಿ ಎಂದು ದಾರಿಯುದ್ದಕ್ಕೂ ಬಾಯಿ ತೆರೆದೇ ಕೂತಿದ್ದಳು. ಮನೆಗೆ ಬಂದವಳೇ ನಮ್ಮ ಅಡುಗೆಮನೆಗೆ ನುಗ್ಗಿ, ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ತಿರುಗಿಸಿ ನೋಡಿದಳು.

"ಅಕ್ಕಾ, ಊರಿಗೆಲ್ಲ ಹೆಸ್ರಿನ ನ್ಯಾಯ ಹೇಳಿದೆ. ಇದ್ಯಾರ ಹೆಸ್ರು?"

"ಟೇಕಲ್ಲಿನೋರ್ದು."

"ಆರು ವರ್ಷ ಆಯ್ತು."

ಮಾರನೇ ದಿನವೇ ಲೋಟವನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಇಬ್ಬರೂ ಕೋಲಾರದಲ್ಲಿ ಬಸ್ ಬದಲಾಯಿಸಿ ಟೇಕಲ್ಲಿಗೆ ಹೋದೆವು. ಬೆಟ್ಟದ ಬುಡದಲ್ಲಿ ನೆಂಟರ ಮನೆ. ಆ ಮನೆಯಾಕೆ ಲೋಟ ಕೈಗೆ ತಗೊಂಡು, ಹೆಸರಿನ ಮೇಲೆ ಬೆರಳು ಸವರಿದಳು. ಆಮೇಲೆ ಸ್ಟೂಲ್ ಹತ್ತಿ ಅಟ್ಟದಿಂದ ಏನನ್ನೋ ತೆಗೆದು, ಧೂಳು ಊದಿ, ನನ್ನ ಮುಂದೆ ಇಟ್ಟಳು.

ನಮ್ಮ ದೊಡ್ಡ ಸೌಟು. ಹಿಡಿಯ ಮೇಲೆ ನನ್ನ ಯಜಮಾನರ ಹೆಸರು.

"ನೀವು ಲೋಟ ತಂದುಕೊಡೋವರ್ಗೂ ಕೊಡಲ್ಲ ಅಂತ ಇಟ್ಕೊಂಡಿದ್ದೆ ಕಣಮ್ಮ" ಎಂದಳು. "ತಪ್ಪು ತಿಳ್ಕೋಬೇಡಿ. ಊಟ ಮಾಡ್ಕೊಂಡು ಹೋಗಿ, ಕೋಳಿ ಕುಯ್ಸ್ತೀನಿ."

ವಾರಗಿತ್ತಿ ಆ ದಿನ ಮೂಳೆಯ ಪುಡಿಯನ್ನೂ ಬಿಡಲಿಲ್ಲ. ಪ್ರತಿಯೊಂದು ಮೂಳೆ ಕಡಿಯುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಡುವಾಗ ಸೌಟನ್ನು ನಾನು ಎತ್ತಿಕೊಳ್ಳುವ ಮುಂಚೆ ಅವಳು ಎತ್ತಿಕೊಂಡಳು.

"ಕೊಡೇ ಇಲ್ಲಿ" ಎಂದೆ.

"ನನ್ನ ಬಾಕಿ ತೀರಿಸು, ಆಮೇಲೆ."

"ನಿಂದೇನೇ ಬಾಕಿ?"

"ಆರು ವರ್ಷ ಸುಮ್ ಸುಮ್ನೆ ಬೈಸ್ಕೊಂಡಿದ್ದೀನಲ್ಲ, ಅದು."

ಅದನ್ನು ಹೇಗೆ ತೀರಿಸುವುದು ಎಂದು ನಾವಿಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ. ಸೌಟು ಅವಳ ಅಡುಗೆಮನೆಯಲ್ಲೇ ಇದೆ. ಈಗಲೂ ಗೋಡೆಯಾಚೆ ಸಾರು ತಿರುವುತ್ತಿದ್ದಾಳೆ. ಪ್ರತಿ ಸಲವೂ ಸೌಟನ್ನು ತಪ್ಪಲೆಯ ಅಂಚಿಗೆ ಟಣ್ ಎಂದು ಬಡಿಯುತ್ತಾಳೆ, ನನಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ.